ಸ್ವಯಂನಿರ್ಮಿತ ಜಲಾಂತರ್ಗಾಮಿಯ ಒಡಲಿಗೆ ಉಕ್ಕಿನ ಆಯ್ಕೆ

೧. ವಿಷಯಪ್ರವೇಶ

ಕ್ರಿ. ಶ. ೧೮೫೧ನೆಯ ಫೆಬ್ರವರಿ ೧ನೆಯ ದಿನ ಉತ್ತರ ಜರ್ಮನಿಯ ಕೀಲ್ ಬಂದರಿನಲ್ಲಿ ವಿಲ್ಹೆಲ್ಮ್ ಬೌವರ್ ಎಂಬ ಯೋಧನು ತಾನೇ ಕಲ್ಪಿಸಿದ ಜಲಾಂತರ್ಗಾಮಿ ನೌಕೆಯೊಂದರಲ್ಲಿ ಇಬ್ಬರು ಸಂಗಡಿಗರೊಡನೆ ನೀರಿಗಿಳಿದನು. ‘ಬ್ರಾಂಡ್‌ಟೌಖರ್’ ಎಂಬ ಹೆಸರಿನ ಆ ನೌಕೆಯ ಒಡಲು ಕಬ್ಬಿಣದ ತಗಡಿನಿಂದಾದುದು. ಮೊದಲಿನ ನಕ್ಷೆಯಲ್ಲಿ ಗೊತ್ತುಮಾಡಿದ್ದ ತಗಡಿನ ದಪ್ಪವನ್ನು ಹಣದ ಅಭಾವದ ನಿಮಿತ್ತ ಕಡಿಮೆಮಾಡಿದ್ದರು. ನೌಕೆಯು ಹಿಂಭಾಗ ಕೆಳಗಾಗಿ ತಳಕ್ಕೆ ಜಾರಿತು. ಒಡಲು ಒತ್ತಡವನ್ನು ತಾಳಲಾರದೆ ನೀರು ಒಳಕ್ಕೆ ನುಗ್ಗಿತು. ಹೊರಗಿನ ನೀರು ಮುಚ್ಚಳವನ್ನು ಒತ್ತಿ ಹಿಡಿದಿದ್ದುದರಿಂದ ಅದನ್ನು ತೆರೆಯುವುದು ಮನುಷ್ಯಬಲಕ್ಕೆ ಮೀರಿದ ಮಾತಾಗಿದ್ದಿತು. ಇನ್ನಷ್ಟು ನೀರನ್ನು ಒಳಕ್ಕೆ ಬಿಟ್ಟುಕೊಂಡರೆ ಒಳಗಿನ ಗಾಳಿಯು ಅದುಮಲ್ಪಟ್ಟು ಹೊರಗಿನ ಒತ್ತಡಕ್ಕೆ ಸಮನಾಗುವುದೆಂದೂ, ಆಗ ಮುಚ್ಚಳವು ತಾನಾಗಿ ಬಿಡುವುದೆಂದೂ ಬೌವರನು ಸಂಗಡಿಗರನ್ನು ಒಪ್ಪಿಸಿ, ಗಂಟೆಗಟ್ಟಲೆ ಕಾದು, ಮೂವರೂ ಜೀವಸಹಿತ ಮೇಲಕ್ಕೆ ಬಂದರು. ೧೮೮೭ರಲ್ಲಿ ತಳದಿಂದ ಎತ್ತಲ್ಪಟ್ಟ ಆ ನೌಕೆಯು ಈಗ ಡ್ರೆಸ್ಡೆನ್ ನಗರದ ಸೈನಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿರುವುದು.

ಈ ವೃತ್ತಾಂತವನ್ನು ಮೊದಲು ಹೇಳಿದುದಕ್ಕೆ ಕಾರಣವುಂಟು. ಜಲಾಂತರ್ಗಾಮಿಗಳು ಈಗ ರಾಷ್ಟ್ರಗಳ ನೌಕಾಸೈನ್ಯಗಳಿಗೆ ಮಾತ್ರ ಮೀಸಲಾದ ವಸ್ತುಗಳಲ್ಲ. ಅಮೆರಿಕದ ನೌಕಾಪಡೆಯಿಂದ ನಿವೃತ್ತರಾದ ಜಾರ್ಜ್ ಕಿಟ್ರೆಡ್ಜ್ ಎಂಬವರು ೨೫೦ ಅಡಿ ಮತ್ತು ೩೫೦ ಅಡಿ ಆಳಕ್ಕೆ ಇಳಿಯತಕ್ಕ ಪುಟ್ಟ ನೌಕೆಗಳ ನಕ್ಷೆಗಳನ್ನು ರಚಿಸಿ ಪ್ರಚಾರಕ್ಕೆ ತಂದ ತರುವಾಯ, ಆ ದೇಶದಲ್ಲಿಯೂ ಯೂರೋಪಿನಲ್ಲಿಯೂ ಕೆಲವರು ತಮ್ಮ ಮನೆಯ ಹಿತ್ತಿಲಲ್ಲಿಯೇ ಒಬ್ಬಿಬ್ಬರು ಕುಳಿತು ಹೋಗತಕ್ಕ ನೌಕೆಗಳನ್ನು ಕಟ್ಟುತ್ತ ಬಂದಿರುತ್ತಾರೆ. ಇಂಥವರಿಗೆ ಸರಕಾರದ ಭಂಡಾರವಿಲ್ಲ. ನೂರಾರು ಮಂದಿ ಯಂತ್ರಶಾಸ್ತ್ರಜ್ಞರ ನೆರವಿಲ್ಲ. ಬೌವರನ ಮುಂದಿದ್ದ ಪ್ರಶ್ನೆಯೇ ಇವರ ಮುಂದೆಯೂ ನಿಂತಿರುವುದು: ಇರುವ ಹಣದಲ್ಲಿ ಯಾವ ಉಕ್ಕನ್ನು, ಎಷ್ಟು ದಪ್ಪದ್ದನ್ನು ಕೊಳ್ಳತಕ್ಕದ್ದು? ತಪ್ಪಿದರೆ ತೆರಬೇಕಾದ ಬೆಲೆ ಪ್ರಾಣವೇ ಆಗಿರುವುದರಿಂದ ಈ ಪ್ರಶ್ನೆಯನ್ನು ಕ್ರಮವಾಗಿ ವಿಚಾರಮಾಡುವುದು ಯುಕ್ತ.

ಜಲಾಂತರ್ಗಾಮಿಯ ಹೊರಗೆ ಕಾಣುವ ಆಕಾರವೆಲ್ಲವೂ ಒತ್ತಡವನ್ನು ತಡೆಯುವುದಿಲ್ಲ. ಅದರೊಳಗೆ ಮನುಷ್ಯರು ಕುಳಿತಿರುವ, ಗಾಳಿ ತುಂಬಿದ, ಎಲ್ಲ ಕಡೆಯೂ ಮುಚ್ಚಿದ ಪಾತ್ರೆಯೊಂದುಂಟು. ಈ ಲೇಖನದಲ್ಲಿ ‘ಒಡಲು’ ಎಂದರೆ ಆ ಪಾತ್ರೆಯೆಂದೇ ಅರ್ಥ. ಸಾಮಾನ್ಯವಾಗಿ ಅದು ಉರುಳೆಯ ಆಕಾರದ ಕೊಳವೆಯಾಗಿದ್ದು, ಎರಡು ಕೊನೆಗಳಲ್ಲಿ ಅರ್ಧಗೋಳಗಳಿಂದ ಮುಚ್ಚಲ್ಪಟ್ಟಿರುತ್ತದೆ.

೨. ಒತ್ತಡದ ಪ್ರಮಾಣ

ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು ೧೦೨೫ ಕಿಲೋಗ್ರಾಂ ತೂಗುವುದು. ಆದುದರಿಂದ ಆಳವು ಪ್ರತಿ ೧೦ ಮೀಟರ್ ಹೆಚ್ಚಿದಂತೆಲ್ಲ ಚದರ ಸೆಂಟಿಮೀಟರೊಂದಕ್ಕೆ ಸುಮಾರು ಒಂದು ಕಿಲೋಗ್ರಾಂ ಭಾರ ಹೆಚ್ಚುತ್ತ ಹೋಗುತ್ತದೆ. ಯಂತ್ರಶಾಸ್ತ್ರಜ್ಞರು ಒತ್ತಡವನ್ನು ‘ಮೆಗಾಪಾಸ್ಕಲ್’ ಎಂಬ ಮಾನದಿಂದ ಅಳೆಯುವರು. ೧೦೦ ಮೀಟರ್ ಆಳದಲ್ಲಿರುವ ಸಮುದ್ರದ ಒತ್ತಡವು ಹೆಚ್ಚು ಕಡಿಮೆ ಒಂದು ಮೆಗಾಪಾಸ್ಕಲ್ ಎಂದು ನೆನಪಿನಲ್ಲಿಟ್ಟರೆ ಮುಂದಿನ ಲೆಕ್ಕಗಳನ್ನು ಅನುಸರಿಸುವುದು ಸುಲಭ. ಆ ಆಳದಲ್ಲಿ ೬೦ ಸೆಂಟಿಮೀಟರ್ ವ್ಯಾಸದ ಒಂದು ಮುಚ್ಚಳದ ಮೇಲೆಯೇ ಸುಮಾರು ೨೯ ಟನ್ ಭಾರ ಬೀಳುವುದೆಂದರೆ ಒಡಲಿನ ಮೇಲಿನ ಹೊರೆ ಎಂತಹುದೆಂಬುದು ಊಹ್ಯವಾಗುತ್ತದೆ.

ಈ ಹೊರೆಯು ಒಡಲನ್ನು ಒಳಮುಖವಾಗಿ ಅದುಮುತ್ತದೆ. ಕೊಳವೆಯ ಗೋಡೆಯಲ್ಲಿ ಉಂಟಾಗುವ ಅದುಮಿಕೆಯನ್ನು ತಿಳಿಯಬೇಕಾದರೆ ಒತ್ತಡವನ್ನು ಕೊಳವೆಯ ತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸಬೇಕು. ಗೋಳಕ್ಕಾದರೆ ಅದುಮಿಕೆಯು ಇದರಲ್ಲಿ ಅರ್ಧ ಮಾತ್ರ. ಕೊನೆಗಳನ್ನು ಚಪ್ಪಟೆಯಾಗಿ ಮುಚ್ಚದೆ ಅರ್ಧಗೋಳಗಳಿಂದ ಮುಚ್ಚುವುದಕ್ಕೂ, ಅತ್ಯಂತ ಆಳಕ್ಕೆ ಇಳಿಯುವ ನೌಕೆಗಳ ಒಡಲು ಪೂರ್ಣ ಗೋಳವೇ ಆಗಿರುವುದಕ್ಕೂ ಇದು ಮುಖ್ಯ ಕಾರಣ.

೩. ಪೂರ್ವಪಕ್ಷ: ಬಲವಾದ ಉಕ್ಕೇ ಉತ್ತಮವೆಂಬುದು

ಉಕ್ಕನ್ನು ಒಂದು ಮಿತಿಯವರೆಗೆ ಸೆಳೆದು ಅಥವಾ ಅದುಮಿ ಬಿಟ್ಟರೆ ಅದು ಮೊದಲಿನ ಆಕಾರಕ್ಕೆ ಹಿಂದಿರುಗುವುದು. ಆ ಮಿತಿಯನ್ನು ಮೀರಿದರೆ ಹಿಂದಿರುಗದು. ಇದನ್ನು ‘ಮಣಿಯುವ ಮಿತಿ’ ಎನ್ನಬಹುದು. ಕಟ್ಟಡಗಳಿಗೂ ಸೇತುವೆಗಳಿಗೂ ಉಪಯೋಗಿಸುವ ಸಾಧಾರಣ ಉಕ್ಕಿನ ಮಣಿಯುವ ಮಿತಿಯು ಸುಮಾರು ೨೫೦ ಮೆಗಾಪಾಸ್ಕಲ್. ಅಮೆರಿಕದ ನೌಕಾಪಡೆಯು ತನ್ನ ಜಲಾಂತರ್ಗಾಮಿಗಳಿಗೆ ಬಳಸಿದ ‘ಎಚ್‌ವೈ ೮೦’ ಎಂಬ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿಗೆ ಈ ಮಿತಿಯು ಸುಮಾರು ೫೫೦. ಇದಕ್ಕಿಂತಲೂ ಬಲವಾದ, ೬೯೦ ಮೆಗಾಪಾಸ್ಕಲಿನ ಉಕ್ಕುಗಳೂ ಉಂಟು. ಹೀಗಿರುವಲ್ಲಿ, ಅತ್ಯಂತ ಬಲವಾದ ಉಕ್ಕನ್ನು ತಂದು ತೆಳುವಾದ ಗೋಡೆಯನ್ನು ಕಟ್ಟಿದರೆ ನೌಕೆಯು ಹಗುರವೂ ದೃಢವೂ ಆಗುವುದಲ್ಲವೆ ಎಂಬುದು ಹೊಸಬರಲ್ಲಿ ಸಹಜವಾಗಿ ಹುಟ್ಟುವ ವಿಚಾರ.

ಇದು ಕೇಳುವುದಕ್ಕೆ ಯುಕ್ತವಾಗಿ ತೋರುವುದಾದರೂ ಇದರಲ್ಲಿ ಒಂದು ದೋಷವಿದೆ. ಮೇಲೆ ಹೇಳಿದ ಗಣನೆಯು ಒಡಲು ಮಣಿದು ನಾಶವಾಗುವ ಒಂದು ಬಗೆಯನ್ನು ಮಾತ್ರ ಗ್ರಹಿಸುತ್ತದೆ. ಎರಡನೆಯ ಬಗೆಯೊಂದುಂಟು, ಅದೇ ನೆಗ್ಗುವಿಕೆ. ತೆಳುವಾದ ತಗಡಿನ ಡಬ್ಬಿಯ ಪಕ್ಕವನ್ನು ಬೆರಳಿನಿಂದ ಒತ್ತಿದಾಗ ಅದು ಫಕ್ಕನೆ ಒಳಕ್ಕೆ ಹೋಗುವುದನ್ನು ಎಲ್ಲರೂ ಕಂಡಿರುತ್ತಾರೆ. ಅಲ್ಲಿ ಲೋಹವು ಮೊದಲು ಮಣಿದುದಲ್ಲ. ಆಕಾರವು ತನ್ನ ಸ್ಥಿರತೆಯನ್ನು ಕಳೆದುಕೊಂಡಿತು. ಈ ಕ್ರಿಯೆಗೂ ಲೋಹದ ಮಣಿಯುವ ಮಿತಿಗೂ ಸಂಬಂಧವಿಲ್ಲ. ಇದು ಅವಲಂಬಿಸಿರುವುದು ಲೋಹದ ಸ್ಥಿತಿಸ್ಥಾಪಕ ಗುಣಾಂಕವನ್ನು, ಗೋಡೆಯ ದಪ್ಪವನ್ನು, ಕೊಳವೆಯ ವ್ಯಾಸವನ್ನು ಮತ್ತು ಆಧಾರವಿಲ್ಲದೆ ಹೋಗುವ ಕೊಳವೆಯ ಉದ್ದವನ್ನು. ಇವುಗಳಲ್ಲಿ ಸ್ಥಿತಿಸ್ಥಾಪಕ ಗುಣಾಂಕವು ಅಗ್ಗವಾದ ಉಕ್ಕಿಗೂ ಅತ್ಯಂತ ಬೆಲೆಬಾಳುವ ಉಕ್ಕಿಗೂ ಹೆಚ್ಚು ಕಡಿಮೆ ಒಂದೇ, ಅಂದರೆ ಸುಮಾರು ೨,೦೬,೦೦೦ ಮೆಗಾಪಾಸ್ಕಲ್. ಹಣವನ್ನು ಎಷ್ಟು ಸುರಿದರೂ ಈ ಗುಣವನ್ನು ಹೆಚ್ಚಾಗಿ ಕೊಳ್ಳಲಾಗುವುದಿಲ್ಲ.

ಉದ್ದಕ್ಕೂ ನೆಗ್ಗುವಿಕೆಗೂ ಇರುವ ಸಂಬಂಧವನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಇಂಗ್ಲೆಂಡಿನ ವಿಲಿಯಂ ಫೇರ್‌ಬೈರ್ನ್. ಉಗಿಯ ಬಾಯ್ಲರುಗಳ ಒಳಗೆ ಬೆಂಕಿಯ ಕೊಳವೆಗಳು ಹೊರಗಿನ ಒತ್ತಡದಿಂದ ಕುಸಿದು ಅನೇಕರು ಮಡಿಯುತ್ತಿದ್ದ ಕಾಲವದು. ೧೮೫೮ರಲ್ಲಿ ಆತನು ಪ್ರಕಟಿಸಿದ ಪ್ರಯೋಗಗಳಿಂದ, ಕೊಳವೆಯು ಉದ್ದವಾದಷ್ಟೂ ಬೇಗ ನೆಗ್ಗುವುದೆಂದೂ, ನಡುನಡುವೆ ಬಳೆಗಳನ್ನು ತೊಡಿಸಿದರೆ ಒಂದು ಉದ್ದ ಕೊಳವೆಯು ಹಲವು ಗಿಡ್ಡ ಕೊಳವೆಗಳಂತೆ ವರ್ತಿಸಿ ಬಹಳ ಹೆಚ್ಚಿನ ಒತ್ತಡವನ್ನು ತಾಳುವುದೆಂದೂ ಸಿದ್ಧವಾಯಿತು. ಜಲಾಂತರ್ಗಾಮಿಗಳ ಒಡಲಿನಲ್ಲಿ ಕಾಣುವ ಪಕ್ಕೆಲುಬಿನಂತಹ ಬಳೆಗಳಿಗೆ ಇದೇ ಮೂಲ.

೪. ಗಣನೆಯಿಂದ ನಿರ್ಣಯ

ಈ ತತ್ತ್ವವನ್ನು ಅಂಕಿಗಳಿಂದ ಪರೀಕ್ಷಿಸಬಹುದು. ಒಂದು ಮೀಟರ್ ವ್ಯಾಸವೂ ೬ ಮಿಲಿಮೀಟರ್ ದಪ್ಪವೂ ಉಳ್ಳ ಕೊಳವೆಯೊಂದನ್ನು ದೃಷ್ಟಾಂತವಾಗಿ ತೆಗೆದುಕೊಂಡು, ಉಕ್ಕಿನ ಮಣಿಯುವ ಮಿತಿಯು ೨೬೦ ಮೆಗಾಪಾಸ್ಕಲ್ ಎಂದಿಟ್ಟರೆ, ಲೋಹವು ಮಣಿಯುವುದು ೩.೧೨ ಮೆಗಾಪಾಸ್ಕಲ್ ಒತ್ತಡದಲ್ಲಿ, ಅಂದರೆ ಸುಮಾರು ೩೧೦ ಮೀಟರ್ ಆಳದಲ್ಲಿ. ಈ ಒಂದು ಲೆಕ್ಕವನ್ನು ಮಾತ್ರ ಬಲ್ಲವನು ನಿಶ್ಚಿಂತನಾಗಿ ೫೦ ಮೀಟರ್ ಆಳಕ್ಕೆ ಇಳಿಯಲು ಹೊರಡುವನು. ಆದರೆ ಬಳೆಗಳಿಲ್ಲದ ಉದ್ದ ಕೊಳವೆಯ ನೆಗ್ಗುವಿಕೆಯ ಸೂತ್ರದಿಂದ ಗಣಿಸಿದರೆ ಅದೇ ಕೊಳವೆಯು ೦.೧ ಮೆಗಾಪಾಸ್ಕಲಿಗೂ ತುಸು ಕಡಿಮೆ ಒತ್ತಡದಲ್ಲಿ, ಎಂದರೆ ೧೦ ಮೀಟರ್ ಆಳವನ್ನು ಮುಟ್ಟುವ ಮೊದಲೇ, ಕುಸಿದುಬೀಳತಕ್ಕದ್ದು! ಮೂವತ್ತರಷ್ಟು ಅಂತರವಿರುವ ಈ ಎರಡು ಉತ್ತರಗಳಲ್ಲಿ ಚಿಕ್ಕದೇ ನಿಜವಾದ ಉತ್ತರ.

ಇನ್ನು ಅದೇ ಕೊಳವೆಗೆ ಅರ್ಧ ಮೀಟರಿಗೊಂದರಂತೆ ಸಾಕಷ್ಟು ಬಲವಾದ ಬಳೆಗಳನ್ನು ಬೆಸೆದರೆ ಏನಾಗುವುದು? ಅಮೆರಿಕದ ವಿಂಡನ್‌ಬರ್ಗ್ ಮತ್ತು ಟ್ರಿಲಿಂಗ್ ಎಂಬಿಬ್ಬರು ೧೯೩೪ರಲ್ಲಿ ಪ್ರಕಟಿಸಿದ ಸೂತ್ರದಂತೆ ನೆಗ್ಗುವ ಒತ್ತಡವು ೩.೨ ಮೆಗಾಪಾಸ್ಕಲಿಗೆ ಏರುತ್ತದೆ. ಆಳದಲ್ಲಿ ಹೇಳುವುದಾದರೆ ಸುಮಾರು ೩೨೦ ಮೀಟರ್. ಉಕ್ಕಿನ ಜಾತಿಯನ್ನು ಬದಲಿಸಲಿಲ್ಲ, ದಪ್ಪವನ್ನು ಹೆಚ್ಚಿಸಲಿಲ್ಲ. ಕೆಲವು ಬಳೆಗಳಿಂದಲೇ ೧೦ ಮೀಟರ್ ೩೨೦ ಮೀಟರಾಯಿತು.

ಇಲ್ಲಿಗೆ ಪೂರ್ವಪಕ್ಷವನ್ನು ಮತ್ತೆ ತರಬಹುದು. ಈ ಬಳೆ ತೊಡಿಸಿದ ಕೊಳವೆಯನ್ನೇ ೬೯೦ ಮೆಗಾಪಾಸ್ಕಲಿನ ಉಕ್ಕಿನಿಂದ ಮಾಡಿದರೆ ಮಣಿಯುವ ಆಳವೇನೋ ೮೦೦ ಮೀಟರನ್ನು ದಾಟುವುದು. ಆದರೆ ನೆಗ್ಗುವ ಆಳವು ಮೊದಲಿದ್ದ ೩೨೦ ಮೀಟರಿನಲ್ಲಿಯೇ ನಿಲ್ಲುವುದು. ಬಲವಾದ ಉಕ್ಕಿಗೆ ಕೊಟ್ಟ ಹಣವು ಆಳವನ್ನು ಕೊಳ್ಳಲಿಲ್ಲ. ಆ ಬಲವನ್ನು ಉಪಯೋಗಕ್ಕೆ ತರಬೇಕಾದರೆ ಬಳೆಗಳನ್ನು ಇನ್ನೂ ಹತ್ತಿರ ಹತ್ತಿರವಾಗಿ ಇಡಬೇಕು ಅಥವಾ ಗೋಡೆಯನ್ನು ದಪ್ಪಮಾಡಬೇಕು. ನೂರಾರು ಮೀಟರ್ ಆಳದಲ್ಲಿ ಸಂಚರಿಸುತ್ತ ತೂಕದ ಪ್ರತಿಯೊಂದು ಟನ್ನನ್ನೂ ಉಳಿಸಬೇಕಾದ ಸೈನಿಕ ನೌಕೆಗಳಿಗೆ ಇದು ಲಾಭಕರ. ನೂರು ಮೀಟರಿನ ಒಳಗೆ ತೃಪ್ತನಾಗುವ ಮನೆಗಾರ ನಿರ್ಮಾಪಕನಿಗಲ್ಲ.

ದಪ್ಪವಾದರೋ ಉದಾರವಾಗಿ ಫಲಕೊಡುವ ಗುಣ. ಬಳೆಗಳಿಲ್ಲದ ಉದ್ದ ಕೊಳವೆಯಲ್ಲಿ ದಪ್ಪವು ಎರಡರಷ್ಟಾದರೆ ನೆಗ್ಗುವಿಕೆಯನ್ನು ತಡೆಯುವ ಶಕ್ತಿಯು ಎಂಟರಷ್ಟಾಗುತ್ತದೆ. ಬಳೆಗಳಿರುವ ಕೊಳವೆಯಲ್ಲಿ ಐದೂವರೆಯಷ್ಟಕ್ಕೂ ಹೆಚ್ಚು. ಮೇಲಿನ ದೃಷ್ಟಾಂತದಲ್ಲಿ ೬ ಮಿಲಿಮೀಟರಿಗೆ ಬದಲು ೧೦ ಮಿಲಿಮೀಟರಿನ ಗೋಡೆಯನ್ನಿಟ್ಟರೆ ನೆಗ್ಗುವ ಒತ್ತಡವು ೧೧ ಮೆಗಾಪಾಸ್ಕಲನ್ನು ಮೀರುವುದು; ಆಗ ಮಣಿಯುವಿಕೆಯೇ ಎಲ್ಲೆಯಾಗಿ, ಆ ಎಲ್ಲೆಯು ೫೦೦ ಮೀಟರಿನ ಆಚೆಗೆ ಸರಿಯುವುದು. ತೂಕ ಹೆಚ್ಚಾಗುವುದಲ್ಲವೆ ಎಂದು ಆಕ್ಷೇಪಿಸಬಹುದು. ಒಂದು ಮೀಟರ್ ಉದ್ದದ ಆ ಕೊಳವೆಯು ಸುಮಾರು ೮೦೦ ಕಿಲೋಗ್ರಾಂ ಸಮುದ್ರದ ನೀರನ್ನು ಪಕ್ಕಕ್ಕೆ ಸರಿಸುವುದು. ಅದರ ಗೋಡೆಯ ತೂಕವು ೬ ಮಿಲಿಮೀಟರಿಗೆ ೧೪೮ ಕಿಲೋಗ್ರಾಂ, ೧೦ ಮಿಲಿಮೀಟರಿಗೆ ೨೪೭ ಕಿಲೋಗ್ರಾಂ. ಪುಟ್ಟ ನೌಕೆಯು ನೀರಿನೊಳಗೆ ಇಳಿಯಬೇಕಾದರೆ ಹೇಗೂ ಸೀಸದ ಗಟ್ಟಿಗಳನ್ನು ಹೊರಬೇಕಾಗುತ್ತದೆ. ಆ ಸೀಸದ ಒಂದು ಭಾಗವನ್ನು ಕಡಿಮೆಮಾಡಿ ಉಕ್ಕಿನ ರೂಪದಲ್ಲಿ ಗೋಡೆಗೆ ಸೇರಿಸಿದರೆ ನಷ್ಟವೇನೂ ಇಲ್ಲ. ಆದರೆ ತೂಕವು ತಳದಿಂದ ಮೇಲಕ್ಕೆ ಹಂಚಿಹೋಗುವುದರಿಂದ ನೌಕೆಯ ಸಮತೋಲವನ್ನು ಪುನಃ ಗಣಿಸತಕ್ಕದ್ದು.

ಈ ಅಂಕಿಗಳೆಲ್ಲವೂ ದೋಷರಹಿತವಾದ ವೃತ್ತಾಕಾರವನ್ನು ಭಾವಿಸಿ ಬಂದವು ಎಂಬುದನ್ನು ಮರೆಯಬಾರದು. ಕಾರ್ಖಾನೆಯಲ್ಲಿ ಸುತ್ತಿದ ಉಕ್ಕು ಪೂರ್ಣವೃತ್ತವಾಗಿರುವುದಿಲ್ಲ; ಬೆಸುಗೆಯ ತಾಪದಿಂದ ಅದರಲ್ಲಿ ಸೆಳೆತಗಳು ಉಳಿದಿರುತ್ತವೆ. ವೃತ್ತದಿಂದ ಒಂದೆರಡು ಮಿಲಿಮೀಟರ್ ತಪ್ಪಿದರೂ ಒಡಲಿನ ಶಕ್ತಿಯು ಗಮನಾರ್ಹವಾಗಿ ಇಳಿಯುವುದು. ಮಣಿಯುವ ಒತ್ತಡವೂ ನೆಗ್ಗುವ ಒತ್ತಡವೂ ಒಂದಕ್ಕೊಂದು ಸಮೀಪವಾಗಿದ್ದರೆ ಎರಡೂ ಕೂಡಿ, ಗಣಿತವು ಹೇಳುವುದಕ್ಕಿಂತ ಮೊದಲೇ ಒಡಲನ್ನು ಕೆಡಹುವುವು. ಆದುದರಿಂದ ೩೦೦ ಮೀಟರ್ ಎಂದು ಲೆಕ್ಕ ಹೇಳಿದ ಮಾತ್ರಕ್ಕೆ ೩೦೦ ಮೀಟರ್ ಇಳಿಯತಕ್ಕದ್ದಲ್ಲ. ಅದರ ಒಂದು ಸಣ್ಣ ಭಾಗವನ್ನು ಮಾತ್ರ ಸಂಚಾರದ ಆಳವೆಂದು ಗೊತ್ತುಮಾಡತಕ್ಕದ್ದು.

೫. ತಾಳಿಕೆಯೆಂಬ ಗುಣ

ಬಲಕ್ಕೆ ಎರಡನೆಯ ಸ್ಥಾನವಾದರೆ ಮೊದಲನೆಯ ಸ್ಥಾನವು ಯಾವ ಗುಣಕ್ಕೆ? ಬಿರುಕು ಹುಟ್ಟಿದರೂ ಅದು ಹರಿದು ಹಬ್ಬದಂತೆ ತಡೆಯುವ ಗುಣಕ್ಕೆ. ಇದನ್ನು ‘ತಾಳಿಕೆ’ ಎಂದೂ, ಇದಕ್ಕೆ ವಿರುದ್ಧವಾದುದನ್ನು ‘ಪೆಡಸು’ ಎಂದೂ ಕರೆಯಬಹುದು. ಬೆಚ್ಚಗಿರುವಾಗ ಬಾಗುವ ಉಕ್ಕು ತಣ್ಣಗಾದಾಗ ಗಾಜಿನಂತೆ ಪೆಡಸಾಗಿ ಒಡೆಯಬಹುದೆಂಬುದು ಮಹಾಯುದ್ಧಕಾಲದಲ್ಲಿ ಎಲ್ಲರ ಕಣ್ಣಿಗೂ ಬಿದ್ದ ಸಂಗತಿ. ೧೯೪೩ನೆಯ ಜನವರಿ ೧೬ರಂದು ಅಮೆರಿಕದ ಪೋರ್ಟ್‌ಲಂಡಿನಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲನೌಕೆಯು ಕಟ್ಟೆಯ ಪಕ್ಕದಲ್ಲಿ ಶಾಂತವಾದ ನೀರಿನಲ್ಲಿ ನಿಂತಿರುವಾಗಲೇ ಮಹಾಶಬ್ದದೊಡನೆ ನಡುವೆ ಸೀಳಿಹೋಯಿತು. ಅದೇ ಕಾಲದ ‘ಲಿಬರ್ಟಿ’ ಹಡಗುಗಳಲ್ಲಿ ಹಲವು ಇದೇ ಬಗೆಯಾಗಿ ಬಿರಿದವು. ಮೊದಲು ಬೆಸುಗೆಗಾರರನ್ನು ದೂರಿದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಾನ್‌ಸ್ಟೆನ್ಸ್ ಟಿಪ್ಪರ್ ಎಂಬ ವಿದುಷಿಯು, ಆ ಉಕ್ಕು ಒಂದು ಉಷ್ಣತೆಗಿಂತ ಕೆಳಗೆ ತನ್ನ ತಾಳಿಕೆಯನ್ನು ಕಳೆದುಕೊಂಡು ಪೆಡಸಾಗುವುದೇ ಮುಖ್ಯ ಕಾರಣವೆಂದು ತೋರಿಸಿಕೊಟ್ಟಳು. ರಿವೆಟಿನಿಂದ ಜೋಡಿಸಿದ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿದ್ದಿತು. ಬೆಸೆದ ಹಡಗಿನಲ್ಲಿ ಎಲ್ಲವೂ ಒಂದೇ ಆದುದರಿಂದ ಅದು ನಿಲ್ಲುವ ಸ್ಥಳವಿರಲಿಲ್ಲ.

ಜಲಾಂತರ್ಗಾಮಿಯ ಒಡಲೆಲ್ಲವೂ ಅದುಮಲ್ಪಡುವಾಗ ಬಿರುಕಿನ ಭಯವೇಕೆ ಎಂಬ ಶಂಕೆ ಬರಬಹುದು. ಒಡಲೆಲ್ಲವೂ ಅದುಮಲ್ಪಡುವುದು ನಿಜ. ಆದರೆ ಬೆಸುಗೆಯ ಸುತ್ತಲೂ, ಬಳೆಗಳ ಬುಡದಲ್ಲಿಯೂ, ಮುಚ್ಚಳ ಕಿಟಕಿಗಳ ಬಾಯಿಗಳಲ್ಲಿಯೂ ಸೆಳೆತಗಳು ಅಡಗಿರುತ್ತವೆ. ನೌಕೆಯು ಪ್ರತಿಸಲ ಇಳಿದು ಏರುವಾಗಲೂ ಆ ಸ್ಥಳಗಳು ದಣಿಯುತ್ತವೆ. ಕ್ರೇನಿನಿಂದ ಎತ್ತುವಾಗ ಕಟ್ಟೆಗೆ ಬಡಿಯುವುದು, ಬಂಡೆಗೆ ತಾಕುವುದು ಮೊದಲಾದ ಆಘಾತಗಳು ಬೇರೆ. ಸಮುದ್ರದ ಆಳದ ನೀರು ೪ ಡಿಗ್ರಿಗೂ ತಣ್ಣಗಿರಬಹುದು. ಚಳಿನಾಡುಗಳಲ್ಲಿ ದಡದ ಮೇಲಿನ ಗಾಳಿಯು ಅದಕ್ಕಿಂತಲೂ ಶೀತಲ.

ತಾಳಿಕೆಯನ್ನು ಅಳೆಯುವ ಪರೀಕ್ಷೆಗೆ ಫ್ರಾನ್ಸಿನ ಜಾರ್ಜ್ ಶಾರ್ಪಿಯ ಹೆಸರು ನಿಂತಿರುವುದು. ಗಚ್ಚು ಕೊರೆದ ಸಣ್ಣ ಉಕ್ಕಿನ ಕಡ್ಡಿಯನ್ನು ಗೊತ್ತಾದ ಉಷ್ಣತೆಗೆ ತಣ್ಣಗೆ ಮಾಡಿ, ತೂಗುವ ಸುತ್ತಿಗೆಯಿಂದ ಒಂದೇ ಏಟಿಗೆ ಮುರಿಯುವರು. ಮುರಿಯುವುದಕ್ಕೆ ವೆಚ್ಚವಾದ ಶಕ್ತಿಯೇ ತಾಳಿಕೆಯ ಅಳತೆ. ೨೭ ಜೂಲ್ ಎಂಬುದು ಈ ಪರೀಕ್ಷೆಯಲ್ಲಿ ವಾಡಿಕೆಯಾಗಿರುವ ಒಂದು ಕನಿಷ್ಠ ಪ್ರಮಾಣ.

ಈಗ ಅಂಗಡಿಯಲ್ಲಿ ‘ಪ್ಲೇಟು’ ಎಂದು ದೊರೆಯುವ ಉಕ್ಕಿನ ಹಲಗೆಗಳನ್ನು ಹೋಲಿಸಬಹುದು. ಅಮೆರಿಕದ ‘ಎ ೩೬’ ಎಂಬುದು ಕಟ್ಟೋಣದ ಉಕ್ಕು; ಅದರ ಮಣಿಯುವ ಮಿತಿ ೨೫೦ ಮೆಗಾಪಾಸ್ಕಲ್. ‘ಎ ೫೧೬, ೭೦ನೆಯ ದರ್ಜೆ’ ಎಂಬುದು ಮಧ್ಯಮ ಮತ್ತು ಕೆಳ ಉಷ್ಣತೆಗಳ ಒತ್ತಡಪಾತ್ರೆಗಳಿಗೆಂದು ವಿಧಿಸಿದ ಉಕ್ಕು. ಅದರ ಮಿತಿ ೨೬೦. ಬಲದಲ್ಲಿ ಇವೆರಡಕ್ಕೂ ಹೇಳಿಕೊಳ್ಳುವಷ್ಟು ಭೇದವಿಲ್ಲ. ಭೇದವಿರುವುದು ತಯಾರಿಕೆಯಲ್ಲಿ. ಎರಡನೆಯದನ್ನು ಸೂಕ್ಷ್ಮವಾದ ಕಣರಚನೆ ಬರುವಂತೆ ತಯಾರಿಸುವರು. ಆ ಸೂಕ್ಷ್ಮತೆಯಿಂದಲೇ ಅದು ಚಳಿಯಲ್ಲಿ ಪೆಡಸಾಗದೆ ಉಳಿಯುವುದು. ಕೊಳ್ಳುವವನು ಕೇಳಿದರೆ ಹಲಗೆಯನ್ನು ಮತ್ತೊಮ್ಮೆ ಕಾಯಿಸಿ ಗಾಳಿಯಲ್ಲಿ ಆರಿಸಿ ಕಣಗಳನ್ನು ಇನ್ನೂ ಸಮಮಾಡಿಕೊಡುವರು. ಆದರೆ ಶಾರ್ಪಿ ಪರೀಕ್ಷೆಯು ಎ ೫೧೬ಕ್ಕೂ ತಾನಾಗಿ ಬರುವುದಿಲ್ಲ; ಇಂಥ ಉಷ್ಣತೆಯಲ್ಲಿ ಪರೀಕ್ಷಿಸಿಕೊಡಬೇಕೆಂದು ಕೊಳ್ಳುವಾಗಲೇ ಬರೆದು ಕೇಳತಕ್ಕದ್ದು.

ಭಾರತದ ಮಾನಕಗಳಲ್ಲಿಯೂ ಇದೇ ವಿಭಾಗವುಂಟು. ‘ಐ.ಎಸ್. ೨೦೬೨’ ಕಟ್ಟೋಣದ ಉಕ್ಕಿಗೆ ಸಂಬಂಧಿಸಿದುದು. ಅದರ ‘ಎ’ ಗುಣದ ಉಕ್ಕಿಗೆ ಆಘಾತಪರೀಕ್ಷೆಯ ವಿಧಿಯಿಲ್ಲ. ‘ಸಿ’ ಗುಣದ್ದನ್ನು ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗೆ ಪರೀಕ್ಷಿಸುವರು. ‘ಐ.ಎಸ್. ೨೦೪೧’ ಎಂಬುದು ಮಧ್ಯಮ ಮತ್ತು ಕೆಳ ಉಷ್ಣತೆಗಳ ಒತ್ತಡಪಾತ್ರೆಗಳ ಹಲಗೆಗೆ ಸಂಬಂಧಿಸಿದುದು. ಎ ೫೧೬ಕ್ಕೆ ಸಮೀಪವಾದ ಸ್ಥಾನವು ಇದರದು.

೬. ಬೆಸುಗೆ

ಒಡಲು ಹಲಗೆಯಷ್ಟೇ ಅಲ್ಲ; ಹಲಗೆ ಮತ್ತು ಬೆಸುಗೆಗಳು ಕೂಡಿ ಒಡಲು. ಬೆಸುಗೆಯ ಪಕ್ಕದ ಉಕ್ಕು ಕ್ಷಣಮಾತ್ರದಲ್ಲಿ ಕಾದು ಶೀಘ್ರವಾಗಿ ತಣಿಯುವುದರಿಂದ ಗಡುಸಾಗುತ್ತದೆ. ಉಕ್ಕಿನಲ್ಲಿ ಇಂಗಾಲವೂ ಮಿಶ್ರಲೋಹಗಳೂ ಹೆಚ್ಚಾದಷ್ಟೂ ಈ ಗಡುಸು ಹೆಚ್ಚು. ಬೆಸುಗೆಯ ಕಡ್ಡಿಯ ಲೇಪದಲ್ಲಿ ತೇವವಿದ್ದರೆ ಅದರಿಂದ ಹೊರಟ ಜಲಜನಕವು ಆ ಗಡುಸಾದ ಭಾಗಕ್ಕೆ ಸೇರಿ, ಕೆಲಸ ಮುಗಿದು ಗಂಟೆಗಳೋ ದಿನಗಳೋ ಕಳೆದ ಮೇಲೆ, ಕಣ್ಣಿಗೆ ಕಾಣದ ಬಿರುಕನ್ನು ಹುಟ್ಟಿಸುತ್ತದೆ.

ಬೆಸುಗೆಗೆ ಉಕ್ಕು ಎಷ್ಟುಮಟ್ಟಿಗೆ ಒಗ್ಗುವುದೆಂಬುದನ್ನು ‘ಇಂಗಾಲದ ಸಮಾಂಕ’ವೆಂಬ ಗಣನೆಯಿಂದ ಅಳೆಯುವರು. ಇಂಗಾಲದ ಶೇಕಡಾ ಪ್ರಮಾಣಕ್ಕೆ ಮ್ಯಾಂಗನೀಸಿನ ಆರನೆಯ ಒಂದು ಭಾಗವನ್ನೂ, ಕ್ರೋಮಿಯಂ ಮಾಲಿಬ್ಡಿನಂ ವನೇಡಿಯಂಗಳ ಮೊತ್ತದ ಐದನೆಯ ಒಂದು ಭಾಗವನ್ನೂ, ನಿಕಲ್ ಮತ್ತು ತಾಮ್ರಗಳ ಮೊತ್ತದ ಹದಿನೈದನೆಯ ಒಂದು ಭಾಗವನ್ನೂ ಕೂಡಿಸುವುದೇ ಆ ಗಣನೆ. ಇಂಗಾಲ ೦.೨೦, ಮ್ಯಾಂಗನೀಸು ೧.೧೦ ಇರುವ ಸರಳವಾದ ಹಲಗೆಗೆ ಇದು ಸುಮಾರು ೦.೩೮ ಆಗುವುದು. ಈ ಪ್ರಮಾಣದ ತೆಳು ಹಲಗೆಯನ್ನು ನುರಿತ ಬೆಸುಗೆಗಾರನು ಒಣಗಿದ, ಜಲಜನಕ ಕಡಿಮೆಯಿರುವ ‘ಇ ೭೦೧೮’ ಜಾತಿಯ ಕಡ್ಡಿಯಿಂದ ವಿಶೇಷ ಸಲಕರಣೆಯಿಲ್ಲದೆ ಬೆಸೆಯಬಲ್ಲನು. ಆ ಕಡ್ಡಿಯ ಬಲವು ಎ ೫೧೬ರ ಬಲಕ್ಕೆ ಹೊಂದುವುದು. ಶೂನ್ಯಕ್ಕಿಂತ ೨೯ ಡಿಗ್ರಿ ಕೆಳಗೆ ೨೭ ಜೂಲ್ ತಾಳಿಕೆಯೂ ಅದಕ್ಕೆ ವಿಧಿಸಲ್ಪಟ್ಟಿದೆ. ಕಡ್ಡಿಗಳನ್ನು ಬಿಸಿಗೂಡಿನಲ್ಲಿ ಕಾಪಾಡದೆ ಮಳೆಗಾಲದ ಗಾಳಿಗೆ ಒಡ್ಡಿದರೆ ಈ ಗುಣವೆಲ್ಲ ವ್ಯರ್ಥ.

ಎಚ್‌ವೈ ೮೦ರಂತಹ ಉಕ್ಕಿಗೆ ಇಷ್ಟು ಸಾಲದು. ಅದನ್ನು ಮೊದಲು ಕಾಯಿಸಬೇಕು. ಬೆಸೆಯುವ ಉದ್ದಕ್ಕೂ ಉಷ್ಣತೆಯನ್ನು ಹಿಡಿತದಲ್ಲಿಡಬೇಕು. ಸಕಲ ಸಾಮಗ್ರಿಯುಳ್ಳ ಕಾರ್ಖಾನೆಗಳಿಗೂ ಇಂಥ ಕೆಲಸ ಸುಲಭವಲ್ಲ. ೧೯೯೧ರಲ್ಲಿ ಅಮೆರಿಕದ ‘ಸೀವುಲ್ಫ್’ ಎಂಬ ನೌಕೆಯನ್ನು ಇನ್ನೂ ಬಲವಾದ ‘ಎಚ್‌ವೈ ೧೦೦’ ಉಕ್ಕಿನಿಂದ ಕಟ್ಟುತ್ತಿರುವಾಗ ಬೆಸುಗೆಗಳಲ್ಲಿ ಬಿರುಕುಗಳು ಕಂಡು, ಮಾಡಿದ ಕೆಲಸವನ್ನು ತೆಗೆದು ಮತ್ತೆ ಮಾಡಬೇಕಾಯಿತು. ರಾಷ್ಟ್ರವೊಂದರ ಹಡಗುಕಟ್ಟೆಯಲ್ಲಿ ಹೀಗಾದ ಮೇಲೆ ಹಿತ್ತಿಲಿನ ಕೊಟ್ಟಿಗೆಯಲ್ಲಿ ಏನಾದೀತೆಂಬುದನ್ನು ವಿವರಿಸಬೇಕಾದುದಿಲ್ಲ.

೭. ಇತರ ದ್ರವ್ಯಗಳು ಮತ್ತು ತುಕ್ಕು

ತುಕ್ಕುಹಿಡಿಯದ ಉಕ್ಕು ಎಂದು ಪ್ರಸಿದ್ಧವಾದ ಸ್ಟೇನ್‌ಲೆಸ್ ಉಕ್ಕನ್ನು ಬಳಸಬಾರದೆ ಎಂದು ಕೇಳುವವರುಂಟು. ಸಾಮಾನ್ಯವಾಗಿ ದೊರೆಯುವ ‘೩೦೪’, ‘೩೧೬’ ಜಾತಿಗಳ ಮಣಿಯುವ ಮಿತಿಯು ಸುಮಾರು ೨೦೫ ಮೆಗಾಪಾಸ್ಕಲ್ ಮಾತ್ರ. ಸ್ಥಿತಿಸ್ಥಾಪಕ ಗುಣಾಂಕವೂ ತುಸು ಕಡಿಮೆ. ಸಮುದ್ರದ ಉಪ್ಪುನೀರು ಸಂದುಗಳಲ್ಲಿ ನಿಂತರೆ ಇವುಗಳಲ್ಲಿ ಆಳವಾದ ಚುಕ್ಕೆಗುಳಿಗಳು ಬೀಳುವುವು. ಬೆಲೆ ಹೆಚ್ಚಾಗಿಯೂ ಲಾಭ ಅಲ್ಪ. ಅಲ್ಯುಮಿನಿಯಮ್ಮಿನ ಗುಣಾಂಕವು 
ಉಕ್ಕಿನ ಮೂರರಲ್ಲಿ ಒಂದು ಭಾಗವಾದುದರಿಂದ ಅದು ನೆಗ್ಗುವುದು ಅಷ್ಟೇ ಸುಲಭ.

ಸಾಧಾರಣ ಉಕ್ಕು ತುಕ್ಕುಹಿಡಿಯುವುದು ನಿಜ. ಬಣ್ಣದ ಲೇಪದಿಂದಲೂ, ಉಕ್ಕಿಗೆ ಬದಲು ತಾನು ಸವೆಯುವ ಸತುವಿನ ತುಂಡುಗಳಿಂದಲೂ ಅದನ್ನು ಹತೋಟಿಯಲ್ಲಿಡಬಹುದು. ಆದರೆ ಅಲಕ್ಷ್ಯಕ್ಕೆ ಎಡೆಯಿಲ್ಲ. ೬ ಮಿಲಿಮೀಟರಿನ ಗೋಡೆಯು ಸವೆದು ೫ ಆದರೆ ದಪ್ಪದಲ್ಲಿ ಹೋದುದು ಆರನೆಯ ಒಂದು ಭಾಗ. ನೆಗ್ಗುವಿಕೆಯನ್ನು ತಡೆಯುವ ಶಕ್ತಿಯಲ್ಲಿ ಹೋದುದು ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಒಳಗಡೆ ಉಸಿರಿನ ತೇವವು ತಳದಲ್ಲಿ ಇಳಿದು ನಿಲ್ಲುವ ಸ್ಥಳವನ್ನು ವಿಶೇಷವಾಗಿ ನೋಡತಕ್ಕದ್ದು. ಆದುದರಿಂದ ಗಣನೆಗೆ ಬೇಕಾದ ದಪ್ಪದ ಮೇಲೆ ತುಕ್ಕಿನ ಪಾಲನ್ನು ಮೊದಲೇ ಸೇರಿಸಿ ಕೊಳ್ಳುವುದು ವಿವೇಕ.

ಅಪರಿಚಿತವಾದ ದ್ರವ್ಯವನ್ನು ನಂಬಿದುದರ ಪರಿಣಾಮಕ್ಕೆ ಸಮೀಪದ ಉದಾಹರಣೆಯೊಂದುಂಟು. ೨೦೨೩ನೆಯ ಜೂನ್ ೧೮ರಂದು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ‘ಟೈಟನ್’ ಎಂಬ ನೌಕೆಯು ಒಳಕ್ಕೆ ಕುಸಿದು ಐವರು ಮಡಿದರು. ಅದರ ಕೊಳವೆಯು ಇಂಗಾಲದ ನೂಲಿನಿಂದ ಸುತ್ತಿ ಮಾಡಿದುದು. ಯಾವ ನೌಕಾವರ್ಗೀಕರಣ ಸಂಸ್ಥೆಯ ಪ್ರಮಾಣಪತ್ರವೂ ಅದಕ್ಕೆ ಇರಲಿಲ್ಲ. ಉಕ್ಕಿನ ಹಿಂದೆ ಒಂದೂವರೆ ಶತಮಾನದ ಅನುಭವವಿದೆ. ಅದರ ದೋಷಗಳೂ ಗೊತ್ತು, ಆ ದೋಷಗಳನ್ನು ಹುಡುಕುವ ಬಗೆಯೂ ಗೊತ್ತು. ಹೊಸ ದ್ರವ್ಯಕ್ಕಿಲ್ಲದ ಈ ಭಾಗ್ಯವನ್ನು ಲಘುವಾಗಿ ಎಣಿಸಬಾರದು.

೮. ಉಕ್ಕಿನ ಜಾತಕ

ಗುಜರಿಯಲ್ಲಿ ದೊರೆಯುವ ಹಳೆಯ ಅನಿಲದ ತೊಟ್ಟಿ, ಬಿಸುಟ ಕೊಳವೆ ಇವುಗಳಿಂದ ಒಡಲನ್ನು ಮಾಡುವ ಆಸೆ ಬಡ ನಿರ್ಮಾಪಕನಿಗೆ ಬಲವಾಗಿಯೇ ಇರುವುದು. ದಪ್ಪವನ್ನು ಅಳೆಯಬಹುದು, ಆದರೆ ಅದು ಯಾವ ಉಕ್ಕು, ಎಷ್ಟು ಸಲ ತುಂಬಿ ಬರಿದಾಯಿತು, ಎಲ್ಲಿ ಬಡಿಸಿಕೊಂಡಿತು ಎಂಬುದನ್ನು ನೋಟದಿಂದ ಅರಿಯಲಾಗದು. ಎರಡು ಹಲಗೆಗಳನ್ನು ಪಕ್ಕದಲ್ಲಿಟ್ಟರೆ ತಾಳಿಕೆಯುಳ್ಳದ್ದಾವುದು, ಪೆಡಸಾದುದಾವುದು ಎಂದು ಕಣ್ಣು ಹೇಳಲಾರದು.

ಆದಕಾರಣ ಉಕ್ಕಿನ ಕಾರ್ಖಾನೆಯು ಕೊಡುವ ಪರೀಕ್ಷಾಪತ್ರವು ಹಲಗೆಯಷ್ಟೇ ಮುಖ್ಯ. ಒಂದು ಎರಕದಿಂದ ಬಂದ ಹಲಗೆಗಳಿಗೆಲ್ಲ ಒಂದು ಸಂಖ್ಯೆಯನ್ನು ಒತ್ತಿರುತ್ತಾರೆ. ಪತ್ರದಲ್ಲಿ ಅದೇ ಸಂಖ್ಯೆಯ ಎದುರಿಗೆ ಉಕ್ಕಿನ ಘಟಕಗಳೂ, ಮಣಿಯುವ ಮಿತಿಯೂ, ಕೇಳಿದ್ದರೆ ಶಾರ್ಪಿ ಪರೀಕ್ಷೆಯ ಫಲವೂ ಬರೆದಿರುತ್ತದೆ. ಹಲಗೆಯನ್ನು ಕತ್ತರಿಸುವ ಮೊದಲು ಆ ಸಂಖ್ಯೆಯನ್ನು ಪ್ರತಿಯೊಂದು ತುಂಡಿಗೂ ಬರೆದುಕೊಳ್ಳತಕ್ಕದ್ದು. ಇಲ್ಲವಾದರೆ ಕತ್ತರಿಸಿದ ಕ್ಷಣದಲ್ಲಿಯೇ ಆ ತುಂಡು ಅನಾಥವಾಗುತ್ತದೆ. ಹಲಗೆಯ ಹೊಟ್ಟೆಯಲ್ಲಿ ಪದರ ಬಿಟ್ಟಿರುವುದನ್ನು ಕಿವಿಗೆ ಕೇಳದ ಧ್ವನಿತರಂಗಗಳಿಂದ ಪರೀಕ್ಷಿಸಬಹುದು. ಮುಚ್ಚಳ ಮತ್ತು ಕಿಟಕಿಗಳ ಬಾಯಿ ಬರುವೆಡೆಗಳಲ್ಲಿ ಇದು ಅವಶ್ಯ.

೧೯೬೩ನೆಯ ಏಪ್ರಿಲ್ ೧೦ರಂದು ಅಮೆರಿಕದ ‘ತ್ರೆಷರ್’ ಎಂಬ ಜಲಾಂತರ್ಗಾಮಿಯು ೧೨೯ ಮಂದಿಯೊಡನೆ ಮುಳುಗಿತು. ಅದರ ಒಡಲು ಎಚ್‌ವೈ ೮೦ ಉಕ್ಕಿನದೇ. ನೀರಿನ ಕೊಳವೆಯ ಬೆಸುಗೆಯೊಂದು ಬಿಟ್ಟುದು ದುರಂತದ ಆದಿಯೆಂದು ನೌಕಾಪಡೆಯ ವಿಚಾರಣೆಯು ಬಗೆಯಿತು. ಅದೇ ವರ್ಷ ಆರಂಭವಾದ ‘ಸಬ್‌ಸೇಫ್’ ಎಂಬ ವ್ಯವಸ್ಥೆಯು, ನೀರನ್ನು ತಡೆಯುವ ಪ್ರತಿಯೊಂದು ಭಾಗದ ದ್ರವ್ಯಕ್ಕೂ ಕೆಲಸಕ್ಕೂ ಲಿಖಿತ ಸಾಕ್ಷ್ಯವಿರಬೇಕೆಂದು ವಿಧಿಸಿತು. ಬಲವಾದ ಉಕ್ಕಿನಿಂದ ಸಿಕ್ಕದ ರಕ್ಷಣೆಯನ್ನು ಕಾಗದದ ಶಿಸ್ತಿನಿಂದ ಪಡೆಯುವ ಪ್ರಯತ್ನವದು.

೯. ಉಪಸಂಹಾರ

ಪ್ರಮಾಣಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಒಡಲಿನ ವಿಷಯದಲ್ಲಿ ಮೂರು ಪ್ರಮಾಣಗಳೂ ಕೂಡಿಬರಬೇಕು. ಗಣಿತವು ಅನುಮಾನ, ಕಾರ್ಖಾನೆಯ ಪತ್ರವು ಆಪ್ತವಾಕ್ಯ, ಪರೀಕ್ಷೆಯು ಪ್ರತ್ಯಕ್ಷ. ಆಪ್ತವಾಕ್ಯವಿಲ್ಲದಿದ್ದರೆ ಗಣಿತಕ್ಕೆ ಹಾಕುವ ಅಂಕಿಗಳೇ ಸುಳ್ಳಾಗಬಹುದು. ಪ್ರತ್ಯಕ್ಷವಿಲ್ಲದಿದ್ದರೆ ಬೆಸುಗೆಯ ದೋಷವೂ ವೃತ್ತದ ದೋಷವೂ ಅಡಗಿಯೇ ಉಳಿಯುವುವು. ಭಾರತದ ರಾಷ್ಟ್ರೀಯ ಸಮುದ್ರ ತಂತ್ರಜ್ಞಾನ ಸಂಸ್ಥೆಯು ೫೦೦ ಮೀಟರ್ ಆಳಕ್ಕೆಂದು ಸಾಧಾರಣ ಉಕ್ಕಿನಿಂದ ಮಾಡಿಸಿದ, ೨.೧ ಮೀಟರ್ ವ್ಯಾಸದ ಗೋಳವನ್ನು ೨೦೨೧ನೆಯ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ೬೦೦ ಮೀಟರಿನವರೆಗೆ ಇಳಿಸಿ ಪರೀಕ್ಷಿಸಿತು. ಗೊತ್ತುಮಾಡಿದ ಆಳಕ್ಕಿಂತ ಹೆಚ್ಚಿನ ಆಳದಲ್ಲಿ ಮೊದಲು ಪರೀಕ್ಷಿಸುವ ಈ ಕ್ರಮವನ್ನು ಸಣ್ಣ ನಿರ್ಮಾಪಕನೂ, ಒಳಗೆ ಯಾರನ್ನೂ ಕೂರಿಸದೆ, ಹಗ್ಗದಿಂದ ಇಳಿಸಿ ಅನುಸರಿಸಬಹುದು, ಅನುಸರಿಸತಕ್ಕದ್ದು.

ಮೇಲಿನ ವಿಚಾರದಿಂದ ಸಿದ್ಧವಾಗುವುದೇನೆಂದರೆ: ನೂರು ಮೀಟರಿನೊಳಗಿನ ಸಂಚಾರಕ್ಕೆ ಅತ್ಯಂತ ಬಲವಾದ ಉಕ್ಕು ಬೇಡ. ಒತ್ತಡಪಾತ್ರೆಗೆಂದು ತಯಾರಾದ, ಮಧ್ಯಮ ಬಲದ, ಚಳಿಯಲ್ಲಿ ಪೆಡಸಾಗದ, ಸುಲಭವಾಗಿ ಬೆಸೆಯಬಹುದಾದ, ಪರೀಕ್ಷಾಪತ್ರವುಳ್ಳ ಹಲಗೆಯು ಬೇಕು. ಬಲವಾದ ಉಕ್ಕಿಗೆ ವೆಚ್ಚಮಾಡಬೇಕೆಂದಿದ್ದ ಹಣವನ್ನು ಇನ್ನೆರಡು ಮಿಲಿಮೀಟರ್ ದಪ್ಪಕ್ಕೂ, ಸರಿಯಾದ ಅಂತರದ ಬಳೆಗಳಿಗೂ, ನುರಿತ ಬೆಸುಗೆಗಾರನ ಕೂಲಿಗೂ, ಪರೀಕ್ಷೆಗೂ ವಿನಿಯೋಗಿಸತಕ್ಕದ್ದು. ಕೀಲ್ ಬಂದರಿನಲ್ಲಿ ಮೂವರು ಬದುಕಿ ಬಂದರು. ಏಕೆಂದರೆ ತಳವು ಹತ್ತಿರವಿದ್ದಿತು, ನೀರು ನಿಧಾನವಾಗಿ ಒಳಗೆ ಬಂದಿತು, ಯೋಚಿಸುವುದಕ್ಕೆ ಅವಕಾಶವಿದ್ದಿತು. ಆಳದಲ್ಲಿ ನೆಗ್ಗುವ ಒಡಲು ಅಂತಹ ಅವಕಾಶವನ್ನು ಕೊಡುವುದಿಲ್ಲ. ಯೋಚನೆಯನ್ನೆಲ್ಲ ದಡದ ಮೇಲೆ, ಹಲಗೆಯನ್ನು ಕೊಳ್ಳುವ ಮುನ್ನವೇ, ಮುಗಿಸಿಕೊಳ್ಳಬೇಕು.